ಅನಂತದತ್ತ ಎಷ್ಟು ದಿಕ್ಕು?

ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಪೀಣ್ಯ. ಮಂಗಳಯಾನವನ್ನು ನಿಯಂತ್ರಿಸಿದ್ದು ಅಲ್ಲಿರುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರ. 2013ರ ನವೆಂಬರ್ 5ರಂದು ಮೇಲೇರಿದ ನೌಕೆ ಮೊದಲು ಭೂಮಿಯನ್ನು ದೀರ್ಘವೃತ್ತಗಳಲ್ಲಿ ಸುತ್ತಿತು. ಡಿಸೆಂಬರ್ 1ರ ನಡುರಾತ್ರಿ ಕಳೆಯುತ್ತಿದ್ದಂತೆ ಎಂಜಿನ್ ಸುಮಾರು 22 ನಿಮಿಷ ಉರಿಯಿತು. ಭೂಮಿಯ ಮಟ್ಟಿಗೆ ನೌಕೆಯ ಹಾದಿ ಅತಿಪರವಲಯವಾಯಿತು.

ಇಂಥ ಹಾದಿ ಯಾವ ಜಾತಿಯದೆಂದು ಚಿತ್ರ ಬಿಡಿಸದೆಯೇ ಹೇಳಬಹುದು. ಎರಡನೇ ಘಾತದ ಸಮೀಕರಣದಲ್ಲಿ ಎಕ್ಸ್² ಪದದ ಸಹಗುಣಕ ಎ, ಎಕ್ಸ್‌ವೈ ಪದದ್ದು ಬಿ, ವೈ² ಪದದ್ದು ಸಿ ಎಂದಿಟ್ಟುಕೊಂಡು ಬಿ² − 4ಎಸಿ ಲೆಕ್ಕ ಹಾಕಬೇಕು. ಋಣವಾದರೆ ದೀರ್ಘವೃತ್ತ, ಸೊನ್ನೆಯಾದರೆ ಪರವಲಯ, ಧನವಾದರೆ ಅತಿಪರವಲಯ.

ಎಸ್ಸೆಸ್ಸೆಲ್ಸಿಯಲ್ಲಿ ವರ್ಗಸಮೀಕರಣದ ಮೂಲಗಳಿಗೆಂದು ಕಲಿತ ಶೋಧಕವೇ ಇದು. ಇಲ್ಲಿಗೆ ಅದು ಬಂದದ್ದು ಆಕಸ್ಮಿಕವಲ್ಲ. ಮೂಲಬಿಂದುವಿನಿಂದ ದೂರ ಸರಿದಷ್ಟೂ ಎರಡನೇ ಘಾತದ ಈ ಮೂರು ಪದಗಳದ್ದೇ ಮೇಲುಗೈ, ಉಳಿದ ಪದಗಳು ಲೆಕ್ಕಕ್ಕಿಲ್ಲ. ವಕ್ರರೇಖೆ ಯಾವ ಓಟದಲ್ಲಿ ಅನಂತದತ್ತ ಸಾಗೀತು ಎಂದು ಹುಡುಕಿದರೆ ಆ ಓಟಕ್ಕೊಂದು ವರ್ಗಸಮೀಕರಣ ಸಿಗುತ್ತದೆ. ಅದಕ್ಕೆ ವಾಸ್ತವ ಮೂಲವಿಲ್ಲದಿದ್ದರೆ ವಕ್ರರೇಖೆ ಎತ್ತಲೂ ತಪ್ಪಿಸಿಕೊಳ್ಳಲಾರದು, ಮುಚ್ಚಿಕೊಳ್ಳುತ್ತದೆ. ಎರಡಿದ್ದರೆ ಅವೇ ಅತಿಪರವಲಯದ ಎರಡು ಅನಂತಸ್ಪರ್ಶಕಗಳ ದಿಕ್ಕು. ಒಂದೇ ಇದ್ದರೆ ಪರವಲಯ, ಆ ದಿಕ್ಕೇ ಅದರ ಅಕ್ಷ. ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ 10.4 ಮೀಟರ್ ವ್ಯಾಸದ ರೇಡಿಯೊ ದೂರದರ್ಶಕದ ಬೋಗುಣಿ ಈ ಗುಣವನ್ನೇ ನಂಬಿದ್ದು: ಅಕ್ಷಕ್ಕೆ ಸಮಾಂತರವಾಗಿ ಬಂದ ಅಲೆಗಳೆಲ್ಲ ಒಂದೇ ನಾಭಿಯಲ್ಲಿ ಕೂಡುತ್ತವೆ.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಸೇರಿದ ಕಕ್ಷೆಯನ್ನೂ ಹೀಗೇ ಓದಬಹುದು. ಮಂಗಳನ ಮೇಲ್ಮೈಯಿಂದ ಅದರ ಕನಿಷ್ಠ ಎತ್ತರ 421.7 ಕಿ.ಮೀ., ಗರಿಷ್ಠ 76,993.6 ಕಿ.ಮೀ. ಸಾವಿರ ಕಿ.ಮೀ.ಯನ್ನು ಒಂದು ಮಾನವಾಗಿಟ್ಟು ಕಕ್ಷೆಯ ಕೇಂದ್ರದಿಂದ ಅಳೆದರೆ ಸಮೀಕರಣ ಸರಿಸುಮಾರು ಎಕ್ಸ್² + 5.8ವೈ² = 1772. ಶೋಧಕ −23.2. ನೌಕೆ ಮಂಗಳನಿಗೆ ಸಿಕ್ಕಿಬಿದ್ದಿದೆ ಎಂಬುದಕ್ಕೆ ಆ ಋಣಚಿಹ್ನೆಯೇ ಸಾಕ್ಷಿ.

ಎಡವುವ ಜಾಗಗಳೂ ಇವೆ. ಎ, ಸಿ ಸಮವೆಂದ ಮಾತ್ರಕ್ಕೆ ವೃತ್ತವಾಗದು, ಬಿ ಕೂಡ ಸೊನ್ನೆಯಾಗಿರಬೇಕು. ಎಕ್ಸ್² + ಎಕ್ಸ್‌ವೈ + ವೈ² = 3 ಓರೆಯಾಗಿ ನಿಂತ ದೀರ್ಘವೃತ್ತ; ಅಕ್ಷಗಳನ್ನು ಎಷ್ಟೇ ತಿರುಗಿಸಿದರೂ ಶೋಧಕ −3 ಆಗಿಯೇ ಉಳಿಯುತ್ತದೆ. ಎಕ್ಸ್‌ವೈ = 1ರಲ್ಲಿ ವರ್ಗಪದಗಳೇ ಇಲ್ಲ, ಆದರೂ ಶೋಧಕ 1, ಅದು ಅತಿಪರವಲಯ.

ಸ್ಥಿರಪದವನ್ನೂ ಒಮ್ಮೆ ನೋಡಲೇಬೇಕು. ಎಕ್ಸ್² + 2ಎಕ್ಸ್‌ವೈ + ವೈ² = 4ರ ಶೋಧಕ ಸೊನ್ನೆ, ಆದರೆ ಅದು ಪರವಲಯವಲ್ಲ. ಎಡಗಡೆ (ಎಕ್ಸ್ + ವೈ)² ಆಗಿರುವುದರಿಂದ ಎಕ್ಸ್ + ವೈ = 2, ಎಕ್ಸ್ + ವೈ = −2 ಎಂಬ ಎರಡು ಸಮಾಂತರ ರೇಖೆಗಳಷ್ಟೇ ಸಿಗುತ್ತವೆ. ಬಲಗಡೆ 4ರ ಬದಲು −4 ಇಟ್ಟರೆ ಅವೂ ಇಲ್ಲ.