ಸಣ್ಣ ಕಂಠಕ್ಕೆ ಹೊಲಿದ ಹಾಡು

‘ಮೂನ್ ರಿವರ್’ ಹಾಡದ ಗಾಯಕರನ್ನು ಹುಡುಕುವುದೇ ಕಷ್ಟ. ಫ್ರಾಂಕ್ ಸಿನಾತ್ರಾ, ಲೂಯಿ ಆರ್ಮ್‌ಸ್ಟ್ರಾಂಗ್, ಸಾರಾ ವಾನ್, ಆಂಡಿ ವಿಲಿಯಮ್ಸ್‌ರಿಂದ ಹಿಡಿದು 2018ರ ಫ್ರಾಂಕ್ ಓಷನ್‌ವರೆಗೆ ಸಾಲು ಬೆಳೆಯುತ್ತಲೇ ಇದೆ. ಬಹುಪಾಲು ಎಲ್ಲರ ಕಂಠವೂ ಈ ಹಾಡಿಗೆ ಬೇಕಾದ್ದಕ್ಕಿಂತ ದೊಡ್ಡದು. ತೊಂದರೆ ಶುರುವಾಗುವುದೇ ಅಲ್ಲಿ.

1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫಾನೀಸ್’ ಚಿತ್ರಕ್ಕೆ ಹೆನ್ರಿ ಮ್ಯಾನ್ಸಿನಿ ಧಾಟಿ ಕಟ್ಟುವಾಗ ಅವರ ಮನಸ್ಸಿನಲ್ಲಿದ್ದದ್ದು ಚಿತ್ರದ ನಾಯಕಿ ಆಡ್ರಿ ಹೆಪ್‌ಬರ್ನ್ ಕಂಠ. ಆಕೆ ವೃತ್ತಿಗಾಯಕಿಯಲ್ಲ. 1957ರ ‘ಫನ್ನಿ ಫೇಸ್’ ಚಿತ್ರದಲ್ಲಿ ಆಕೆ ಹಾಡಿದ್ದನ್ನು ಕೇಳಿ, ಒಂದು ಸ್ಥಾಯಿಯ ಮೇಲೆ ಇನ್ನೊಂದು ಸ್ವರ, ಇಷ್ಟರೊಳಗೇ ಹಾಡು ಮುಗಿಯಬೇಕು ಎಂದು ಲೆಕ್ಕ ಹಾಕಿದರು. ಸುಮಾರು ಒಂದು ತಿಂಗಳು ತಡಕಾಡಿದ ಮೇಲೆ ಧಾಟಿ ಸಿಕ್ಕಿತು. ಸಿಕ್ಕಿದ ಮೇಲೆ ಬರೆದು ಮುಗಿಸಲು ಅರ್ಧ ಗಂಟೆ ಸಾಕಾಯಿತಂತೆ.

ಮೊದಲ ಹೆಜ್ಜೆಯನ್ನೇ ಗಮನಿಸಿ. ನಮ್ಮ ಲೆಕ್ಕದಲ್ಲಿ ಪಂಚಮದಿಂದ ಒಂದೇ ನೆಗೆತಕ್ಕೆ ತಾರಸ್ಥಾಯಿಯ ರಿಷಭ, ಕೂಡಲೇ ಷಡ್ಜಕ್ಕೆ ಇಳಿತ. ಇಡೀ ಹಾಡಿನ ಮೇಲ್ಮಿತಿ ಎರಡನೆಯ ಸ್ವರಕ್ಕೇ ಮುಟ್ಟಿಯಾಯಿತು. ಆಮೇಲೆ ವಾಲ್ಟ್ಸ್‌ನ ಮೂರೆಣಿಕೆಯಲ್ಲಿ ಆ ಎತ್ತರದಿಂದ ಇಳಿಯುವುದು, ಮತ್ತೆ ಅಲ್ಲಿಗೇ ಹೋಗಿಬರುವುದು, ಅಷ್ಟೇ. ಜಾನಿ ಮರ್ಸರ್ ಬರೆದ ಸಾಹಿತ್ಯದಲ್ಲಿ ಪ್ರೇಮನಿವೇದನೆಯೂ ಇಲ್ಲ. ಇರುವುದು ಜಾರ್ಜಿಯಾದ ಸವಾನಾ ಸೀಮೆಯಲ್ಲಿ ಅವರು ಕಳೆದ ಬಾಲ್ಯ, ಊರು ಬಿಟ್ಟು ಹೋಗುವ ಆಸೆ. ಕೊನೆಯಲ್ಲಿ ದನಿ ಏರಿಸಿ ಚಪ್ಪಾಳೆ ಗಿಟ್ಟಿಸುವವರಿಗೆ ಇಲ್ಲಿ ಜಾಗವಿಲ್ಲ.

ಜಾಗವಿಲ್ಲದ ಕಡೆ ಜಾಗ ಮಾಡಿಕೊಂಡವರೇ ಹೆಚ್ಚು. 1962ರ ಆಸ್ಕರ್ ಸಮಾರಂಭದಲ್ಲಿ ಆಂಡಿ ವಿಲಿಯಮ್ಸ್ ಇದನ್ನು ಹಾಡಿದರು, ಹಾಡಿಗೆ ಪ್ರಶಸ್ತಿಯೂ ಬಂತು, ಮುಂದೆ ಅವರ ಟಿವಿ ಕಾರ್ಯಕ್ರಮಕ್ಕೆ ಇದೇ ಗುರುತಿನ ಹಾಡಾಯಿತು. ನುಣುಪಾದ ದನಿ, ಹಿಂದೆ ಪಿಟೀಲುಗಳ ದಂಡು. ಸಿನಿಮಾದಲ್ಲಿ ಕೂದಲಿಗೆ ಟವೆಲ್ ಸುತ್ತಿಕೊಂಡು ಗಿಟಾರ್ ಹಿಡಿದು ಕಿಟಕಿಯಲ್ಲಿ ಕೂತವಳನ್ನು ಎಬ್ಬಿಸಿ ಆರತಕ್ಷತೆಯ ವೇದಿಕೆ ಹತ್ತಿಸಿದಂತೆ ನನಗೆ ಕೇಳಿಸುತ್ತದೆ. ದಕ್ಷಿಣ ಆಫ್ರಿಕಾದ ಡ್ಯಾನಿ ವಿಲಿಯಮ್ಸ್ ಹಾಡಿದ್ದು 1961ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ಅದೂ ಸಿಹಿ ಸ್ವಲ್ಪ ಜಾಸ್ತಿಯೇ. ಇಂಗ್ಲಿಷ್ ಗಾಯಕ ಮಾರಿಸ್ಸಿಯಂತೂ 1994ರಲ್ಲಿ ಇದನ್ನು ಹತ್ತು ನಿಮಿಷದ ಹತ್ತಿರಕ್ಕೆ ಎಳೆದರು. ಆರ್ಮ್‌ಸ್ಟ್ರಾಂಗ್ ಬೇರೆ. ಆ ಒರಟು ಗಂಟಲಿಗೆ ಲಾಲಿತ್ಯದ ಹಂಗಿಲ್ಲ, ಹಾಗಾಗಿ ಮಾತಾಡಿದಂತೆ ಹಾಡಿ ಗೆಲ್ಲುತ್ತಾರೆ.

ಆದರೂ ನನ್ನ ಮೊದಲ ಮಣೆ ಹೆಪ್‌ಬರ್ನ್‌ಗೇ. ಉಸಿರು ಕಡಿಮೆ, ಗಮಕವಿಲ್ಲ, ಕೆಲವು ಸ್ವರಗಳನ್ನು ಸವರಿಕೊಂಡು ಮುಂದೆ ಹೋಗುತ್ತಾರೆ. ಆದರೆ ಈ ಹಾಡನ್ನು ಆಕೆಗಿಂತ ಚೆನ್ನಾಗಿ ಅರ್ಥಮಾಡಿಕೊಂಡು ಹಾಡಿದವರಿಲ್ಲ ಎಂದು ಮ್ಯಾನ್ಸಿನಿಯೇ ಹೇಳುತ್ತಿದ್ದರು. ಚಿತ್ರ ತೆರೆಗೆ ಬರುವ ಮುನ್ನ ಪ್ಯಾರಾಮೌಂಟ್‌ನ ಅಧಿಕಾರಿಯೊಬ್ಬರು ಈ ಹಾಡನ್ನು ಕತ್ತರಿಸಲು ಹೊರಟಿದ್ದರು ಎಂಬುದು ಪ್ರಸಿದ್ಧ ಕಥೆ. ಅಷ್ಟು ಪ್ರಸಿದ್ಧವಲ್ಲದ್ದು ಇನ್ನೊಂದಿದೆ: ಚಿತ್ರದ ಧ್ವನಿಮುದ್ರಿಕೆ ಹೊರಬಂದಾಗ ಅದರಲ್ಲಿ ಆಕೆಯ ದನಿಯೇ ಇರಲಿಲ್ಲ. ಮುಂದೆಯೂ ಅದೇ ಕಥೆ: 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಕೆಯ ಬಹುತೇಕ ಹಾಡುಗಳನ್ನು ಮಾರ್ನಿ ನಿಕ್ಸನ್ ಕೈಲಿ ಹಾಡಿಸಿದರು. ‘ಮೂನ್ ರಿವರ್’ನ ಮೂಲ ದನಿ ಆಲ್ಬಮ್ಮಿನಲ್ಲಿ ಸಿಕ್ಕಿದ್ದು 1993ರಲ್ಲಿ, ಹೆಪ್‌ಬರ್ನ್ ತೀರಿಕೊಂಡ ಮೇಲೆ.