ಮಾಳಿಗಿ ಕೇಳಿಸಿತು, ಕಾಳಜಿ ಕೇಳಿಸಲಿಲ್ಲ

ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಂ 'ಅಂತರಾಗ್ನಿ' ಬಂದದ್ದು 2008ರಲ್ಲಿ. ಎರಡನೆಯದು, 'ಜಗ್ ಚಂಗಾ', 2013ರಲ್ಲಿ. ಈ ಐದು ವರ್ಷಗಳಲ್ಲಿ ತಂಡದ ದನಿ ಬದಲಾಯಿತು ಎಂಬುದರ ಬಗ್ಗೆ ನಮ್ಮ ದೋಹಾ ಬಳಗದಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಆ ಬದಲಾವಣೆಯಲ್ಲಿ ಏನು ಬಂತು, ಏನು ಹೋಯಿತು ಎಂಬ ಬಗ್ಗೆ. ಸಾಹಿತ್ಯದ ಬಳಗಕ್ಕೂ ಗಿಟಾರಿನ ಗಲಾಟೆಗೂ ಏನು ಸಂಬಂಧ ಎಂದು ಹುಬ್ಬೇರಿಸುವವರಿಗೆ ಉತ್ತರ ಒಂದೇ: ಶಿಶುನಾಳ ಷರೀಫರು.

'ಅಂತರಾಗ್ನಿ'ಯಲ್ಲಿ ಎಂಟು ಹಾಡುಗಳು. ಹೊರತಂದದ್ದು ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್-ಶೇಖರ್ ಅವರ ಕಂಪನಿ. ಎಂಟರಲ್ಲಿ ಹೆಚ್ಚಿನವು ಹಿಂದಿ, ಒಂದೆರಡು ಇಂಗ್ಲಿಷ್, ಕನ್ನಡದವು ಎರಡು. ಆ ಎರಡೂ ಷರೀಫರವೇ: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಮೈಸೂರಿನಲ್ಲಿ ಬೆಳೆದ, ಮೈಕ್ರೋಬಯಾಲಜಿ ಓದಿದ, ಭರತನಾಟ್ಯ ಕಲಿತ ಹುಡುಗನೊಬ್ಬ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಧಾರವಾಡ ಸೀಮೆಯ ತತ್ವಪದ ಹಾಡುತ್ತಾನೆಂದರೆ ಅದು ಆಗ ಸುದ್ದಿಯೇ ಆಗಿತ್ತು.

ಆಗ ಕೇಳಿಬಂದ ಆಕ್ಷೇಪವೂ ನಿಮಗೆ ನೆನಪಿರಬಹುದು. ಅಶ್ವತ್ಥರು ಹಾಡಿದ್ದೆಲ್ಲಿ, ಇದೆಲ್ಲಿ? ಮೂಲ ಹಾಡನ್ನು ಕೆಡಿಸಿದ ಎಂದು. ಈ 'ಮೂಲ' ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಷರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಪದಗಳು ಊರೂರಿನ ಭಜನೆಯಲ್ಲಿ ಬಾಯಿಂದ ಬಾಯಿಗೆ ಸಾಗಿದವು, ಏಕತಾರಿ ತಾಳಗಳ ಜೊತೆಗೆ. ಸಿ. ಅಶ್ವತ್ಥರು ಅವನ್ನು ಸ್ಟುಡಿಯೋಕ್ಕೆ ತಂದು ವಾದ್ಯಮೇಳ ಜೋಡಿಸಿದರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂತು. ನಮ್ಮ ವಯಸ್ಸಿನವರಿಗೆ ಷರೀಫರೆಂದರೆ ಅಶ್ವತ್ಥರ ಕಂಠ, ಶ್ರೀಧರ್ ಅವರ ಮುಖ. ಅಂದರೆ ನಾವು 'ಮೂಲ' ಎಂದು ಎದೆಗಪ್ಪಿಕೊಂಡಿರುವುದು, ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಎರಡನೇ ವರ್ಷನ್ನು! ಹಾಗಾಗಿ ರಘು ದೀಕ್ಷಿತ್ ಗಿಟಾರ್ ಹಿಡಿದದ್ದೇ ಅಪರಾಧ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. 1965ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗಲೂ ಸಭೆಯಲ್ಲಿ ಹಲವರು ಕೂಗಾಡಿದ್ದರು. ಆ ಕೂಗಾಟ ಇವತ್ತು ಬರೀ ಚರಿತ್ರೆ, ಹಾಡು ಉಳಿದಿದೆ.

ಹಾಗಾದರೆ ಪರೀಕ್ಷೆ ಯಾವುದು? ವಾದ್ಯ ಯಾವುದೆಂಬುದಲ್ಲ, ಮಾತು ಕೇಳಿಸುತ್ತದೆಯೇ ಎಂಬುದು. ಷರೀಫರ ಪದ ನಿಂತಿರುವುದೇ ಮಾತಿನ ಮೇಲೆ. ಮೇಲೆ ನೋಡಿದರೆ ಮನೆ, ಹುಕ್ಕಾ, ಕೋಳಿ, ಮಗ್ಗ. ಒಳಗೆ ಬೇರೆಯದೇ ಲೆಕ್ಕ. ಮೇಲಿನ ವಸ್ತು ಕಣ್ಣಿಗೆ ಕಟ್ಟದಿದ್ದರೆ ಒಳಗಿನ ಲೆಕ್ಕ ಬಿಚ್ಚುವುದೇ ಇಲ್ಲ.

'ಸೋರುತಿಹುದು' ತೆಗೆದುಕೊಳ್ಳಿ. ಮಾಳಿಗಿ ಎಂದರೆ ಬಯಲುಸೀಮೆಯ ಮಣ್ಣಿನ ಛಾವಣಿ. ತೊಲೆ ಹಾಸಿ, ಮೇಲೆ ಜಂತಿ ಜೋಡಿಸಿ, ಅದರ ಮೇಲೆ ಮಣ್ಣು ಬಡಿದು ಸಮ ಮಾಡಿದ್ದು. ಮಳೆಗಾಲಕ್ಕೆ ಮುಂಚೆ ಮನೆಯವರು ಯಾರಾದರೂ ಮೇಲೆ ಹತ್ತಿ ಬಿರುಕು ಮುಚ್ಚಬೇಕು. ಹತ್ತುವವರಿಲ್ಲದಿದ್ದರೆ ಸೋರುತ್ತದೆ, ಅಷ್ಟೇ. ಷರೀಫರ ಹಾಡಿನ ಭಯ ಇರುವುದು ಸೋರುವುದರಲ್ಲಲ್ಲ, ಹತ್ತುವವರಿಲ್ಲ ಎಂಬುದರಲ್ಲಿ. ನಮ್ಮ ಬಳಗದ ಬಹುಪಾಲು ಮಂದಿ ಕರಾವಳಿಯವರು, ಹಂಚಿನ ಮಾಡಿನಡಿ ಬೆಳೆದವರು. ಅವರಿಗೆ ಮಾಡು ಸೋರುವುದೆಂದರೆ ಒಡೆದ ಹಂಚು ಬದಲಿಸುವ ಕೆಲಸ; ಈ ಭಯ ತಟ್ಟನೆ ತಟ್ಟುವುದಿಲ್ಲ. ಇನ್ನು ದೋಹಾದ ಫ್ಲ್ಯಾಟಿನಲ್ಲಿ ಹುಟ್ಟಿದ ಮಕ್ಕಳಿಗೆ ಮನೆಯೊಳಗೆ ಸೋರುವ ವಸ್ತು ಒಂದೇ, ಏಸಿ!

ಆದರೂ 2008ರ ಈ ಹಾಡು ನಮ್ಮ ಮಕ್ಕಳಿಗೂ ತಟ್ಟಿತು. ಯಾಕೆಂದರೆ ಅಲ್ಲಿ ವಾದ್ಯಗಳು ಕಾಯುತ್ತವೆ. ದನಿ ಮೊದಲು ಬರುತ್ತದೆ, ತಗ್ಗಿನಲ್ಲಿ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಉಸಿರಾಡಲು ಜಾಗವಿದೆ. ಆ ಜಾಗದಲ್ಲಿ ಕೇಳುವವನು 'ಮಾಳಿಗಿ ಅಂದರೇನು?' ಎಂದು ಕೇಳಬಹುದು, ಪಕ್ಕದಲ್ಲಿ ಕೂತ ಅಪ್ಪ ಹೇಳಬಹುದು. ಅಶ್ವತ್ಥರಲ್ಲಿ ಇದೇ ಹಾಡು ಎದೆ ಬಿರಿಯುವ ಆರ್ತನಾದ. ರಘು ದೀಕ್ಷಿತ್ ಅದನ್ನು ಕೆಳಗಿಳಿಸಿ, ರಾತ್ರಿ ಮನೆಯಲ್ಲಿ ಒಬ್ಬನೇ ಕೂತು ಹನಿ ಎಣಿಸುವವನ ಹಾಡಾಗಿಸಿದರು. ಆಮೇಲೆ ಹಾಡು ಮೇಲೇರುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಮಾತು ನಮ್ಮ ಕೈಗೆ ಬಂದಿರುತ್ತದೆ. ಕನ್ನಡದ ಮಟ್ಟಿಗೆ ಆ ಆಲ್ಬಮ್ಮಿನ ದೊಡ್ಡ ಸಾಧನೆ ಇದೇ ಎಂದು ನಮ್ಮ ಎಣಿಕೆ.

'ಗುಡುಗುಡಿ'ಯದು ಇನ್ನೂ ತಮಾಷೆ. ಈ ಹಾಡು ಕುಣಿಯುವಂಥದ್ದು. ನಮ್ಮ ಮನೆಯ ಚಿಕ್ಕವಳು ಅದು ಗುಡುಗಿನ ಹಾಡು, ಮಳೆ ಬರುವ ಮುಂಚಿನದು ಎಂದು ತಿಳಿದಿದ್ದಳು. ಒಂದು ಶುಕ್ರವಾರ ಸಂಜೆ ಸೂಕ್ ವಾಖಿಫ್‌ಗೆ ಹೋದಾಗ ಶೀಶಾ ಸೇದುತ್ತ ಕೂತವರನ್ನು ತೋರಿಸಿ, ಬುರುಬುರು ಸದ್ದು ಕೇಳಿಸಿ, ಇದೇ ಗುಡುಗುಡಿ ಎಂದೆವು. ಚಿಲುಮೆ, ಸೊಪ್ಪು, ಬೆಂಕಿ, ಹೊಗೆ ಎಲ್ಲವನ್ನೂ ಷರೀಫಜ್ಜ ಹೇಗೆ ಸೇದುವವನ ಮೈಮನಸ್ಸಿನ ಭಾಗಗಳನ್ನಾಗಿ ಮಾಡುತ್ತಾನೆ ಎಂದು ವಿವರಿಸಲು ಹತ್ತು ನಿಮಿಷ ಸಾಕಾಯಿತು. ಹಾಗೇ ತಲೆ ಎತ್ತಿದರೆ, ಹಳೆಯ ಮಾದರಿಯಲ್ಲೇ ಕಟ್ಟಿದ ಆ ಸೂಕಿನ ಛಾವಣಿ: ಉದ್ದುದ್ದ ಮರದ ಕೋಲುಗಳು, ಮೇಲೆ ಬಿದಿರು. ಹೆಚ್ಚುಕಡಿಮೆ ಮಾಳಿಗಿಯೇ! ಒಂದೇ ಜಾಗದಲ್ಲಿ ಷರೀಫರ ಎರಡು ಪದಗಳಿಗೆ ಸಾಮಗ್ರಿ ಸಿಕ್ಕಿಬಿಟ್ಟಿತು, ಅದೂ ಅರಬರ ನಾಡಿನಲ್ಲಿ.

ಈಗ 'ಜಗ್ ಚಂಗಾ'ಕ್ಕೆ ಬರೋಣ. ಹೆಸರು ಪಂಜಾಬಿಯದು, ಜಗತ್ತು ಚೆಂದ ಎಂಬ ಅರ್ಥದ್ದು. ನಡುವಿನ ಐದು ವರ್ಷ ತಂಡ ಬದುಕಿದ್ದು ವೇದಿಕೆಯ ಮೇಲೆ. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ. ಕೆಸರು ಮೈದಾನದಲ್ಲಿ ಬೂಟು ಹಾಕಿಕೊಂಡ ಬಿಳಿಯರು ನಮ್ಮ ಲುಂಗಿಯವರ ಹಾಡಿಗೆ ಕುಣಿಯುವ ವಿಡಿಯೋ ಕೊಂಡಿಗಳನ್ನು ನಾವು ಇಮೇಲಿನಲ್ಲಿ ಹಂಚಿಕೊಂಡೆವು, ಹೆಮ್ಮೆಪಟ್ಟೆವು. ಆ ಹೆಮ್ಮೆ ಈಗಲೂ ಇದೆ. ಆದರೆ ವೇದಿಕೆಯ ಮುಂದಿರುವ ಸಾವಿರಾರು ಮಂದಿಗೆ ಕನ್ನಡವೂ ಒಂದೇ ಹಿಂದಿಯೂ ಒಂದೇ ಎಂದಾದಾಗ ತಂಡ ಯಾವುದನ್ನು ನೆಚ್ಚಿಕೊಳ್ಳಬೇಕು? ಲಯವನ್ನು, ರಾಗವನ್ನು, ಪಿಟೀಲು ಕೊಳಲಿನ ಓಟವನ್ನು. ಎರಡನೇ ಆಲ್ಬಮ್ಮಿನ ದನಿ ಆ ಮೈದಾನದಲ್ಲಿ ಹದವಾದ ದನಿ: ದೊಡ್ಡದು, ತುಂಬಿದ್ದು, ಕೈಚಪ್ಪಾಳೆಗೆ ಜಾಗ ಬಿಟ್ಟಿದ್ದು.

ಇದರಲ್ಲೂ ಷರೀಫರಿದ್ದಾರೆ: 'ಲೋಕದ ಕಾಳಜಿ' ತೆಗೆದುಕೊಳ್ಳಿ. ಕೇಳಲು ಏನು ಹುಮ್ಮಸ್ಸು! ಸಲ್ವಾ ರಸ್ತೆಯಲ್ಲಿ ಕಾರು ಓಡಿಸುವಾಗ ಇದನ್ನು ಹಾಕಿದರೆ ಕಾಲು ತಾನಾಗಿ ಒತ್ತುತ್ತದೆ (ರಸ್ತೆಯ ರಾಡಾರ್ ಕ್ಯಾಮೆರಾ ನೆನಪಿರಲಿ). ಇದೇ ಮಗಳು ಇದನ್ನು ವರ್ಷಗಟ್ಟಲೆ ಬಾಯಿಪಾಠ ಹಾಡಿದಳು. ಒಂದು ದಿನ ಅರ್ಥ ಕೇಳಿದರೆ, ಅದು ಯಾವುದೋ ಕಾಲೇಜಿನ ಹಾಡು ಎಂದಳು. ಲೋಕದ ಕಾಲೇಜು! ನಕ್ಕೆವು, ಆಮೇಲೆ ಹಾಡನ್ನು ಮತ್ತೆ ಹಾಕಿ ಕಿವಿಗೊಟ್ಟು ಕೇಳಿದೆವು. ತಪ್ಪು ಅವಳದಲ್ಲ. ಆ ವೇಗದಲ್ಲಿ 'ಕಾಳಜಿ' ಒಂದು ಪದವಲ್ಲ, ತಾಳದ ಒಂದು ಪೆಟ್ಟು. ಲೋಕದ ಚಿಂತೆಯನ್ನೆಲ್ಲ ತಾನೇ ಹೊತ್ತಿರುವೆನೆಂದು ಬೀಗುವವನನ್ನು ಷರೀಫರು ಕೆಣಕುವ ಪದ ಇದು. ಕೆಣಕು ಎಂದರೆ ಒಂದು ಮಾತು ಹೇಳಿ, ಎದುರಿನವನ ಮುಖ ನೋಡಿ, ತಡೆದು, ಆಮೇಲೆ ಇನ್ನೊಂದು ಬಿಡುವುದು. ಆ ತಡೆಯುವ ಗಳಿಗೆ ಈ ಹಾಡಿನಲ್ಲಿಲ್ಲ. ಅಲ್ಲಿ ಪಿಟೀಲು ಬಂದು ಕೂತಿದೆ.

ನಮ್ಮ ಬಳಗದ ಹಿರಿಯರೊಬ್ಬರು, ಹುಬ್ಬಳ್ಳಿ ಕಡೆಯವರು, ಇದನ್ನೇ ಒಂದು ಸಾಲಿನಲ್ಲಿ ಹೇಳಿದರು: "ಹಾಡು ಮುಂದ ಓಡೈತ್ರೀ, ಮಾತು ಹಿಂದ ಉಳದೈತಿ."

ಅದಕ್ಕೆ ಉಡುಪಿಯ ಹುಡುಗನೊಬ್ಬ ಎದುರು ನಿಂತ. "ಅಲ್ಲ ಸಾರ್, ಷರೀಫರ ಪದ ಭಜನೆಯದ್ದಲ್ವಾ? ಗುಂಪಿನಲ್ಲಿ ಹಾಡ್ಲಿಕ್ಕೇ ಇರುವುದು. ಒಬ್ಬರು ಹಾಡಿ ಉಳಿದವರು ಕೂತು ಕೇಳುವ ಹಾಗೆ ಮಾಡಿದ್ದು ಅಶ್ವತ್ಥರು. ಇವರು ವಾಪಸ್ ಗುಂಪಿಗೆ ಕೊಟ್ಟಿದ್ದಾರೆ."

ಈ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಎರಡು ವಾರ ನಮ್ಮ ತಲೆಯಲ್ಲಿ ಕೊರೆಯಿತು. ಗುಂಪು ಷರೀಫರಿಗೆ ಹೊರಗಿನದಲ್ಲ, ಸರಿ. ಆದರೆ ಭಜನೆಯ ಗುಂಪು ಏನು ಮಾಡುತ್ತದೆ? ಮುಂದಿನವನು ಒಂದು ಸಾಲು ಹೇಳುತ್ತಾನೆ, ಹಿಂದಿನವರು ಅದೇ ಸಾಲನ್ನು ಮರಳಿ ಹೇಳುತ್ತಾರೆ. ಪ್ರತಿ ಮಾತೂ ಎರಡು ಸಲ ಕಿವಿಗೆ ಬೀಳುತ್ತದೆ. ಮೊದಲ ಸಲ ತಪ್ಪಿದ್ದು ಎರಡನೇ ಸಲ ಸಿಗುತ್ತದೆ. ರಾಕ್ ಮೈದಾನದ ಗುಂಪು ಹಾಡುವುದು ಪಲ್ಲವಿಯನ್ನು ಮಾತ್ರ. ನುಡಿಗಳು ಹಾಡುಗಾರನ ಪಾಲು, ಅವು ಒಮ್ಮೆ ಮಾತ್ರ ಹಾದುಹೋಗುತ್ತವೆ. ಷರೀಫರು ಹೇಳಬೇಕಾದದ್ದೆಲ್ಲ ಇರುವುದು ನುಡಿಗಳಲ್ಲಿ; ಪಲ್ಲವಿ ಬಾಗಿಲು ಮಾತ್ರ. ಆದ್ದರಿಂದ 'ಜಗ್ ಚಂಗಾ' ಹಾಡನ್ನು ಗುಂಪಿಗೆ ಮರಳಿಸಿತು ಎಂಬುದು ಅರ್ಧ ನಿಜ. ಕೊಟ್ಟದ್ದು ಬಾಗಿಲನ್ನು.

ಹಾಗಂತ ಆಲ್ಬಂ ಸೋತಿತು ಎಂದು ನಾವು ಹೇಳುತ್ತಿಲ್ಲ. ಅದರ ಹಿಂದಿ ಹಾಡುಗಳಿಗೆ ಈ ತುಂಬಿದ ದನಿ ಚೆನ್ನಾಗಿಯೇ ಒಗ್ಗಿದೆ. ಅಲ್ಲಿ ಮಾತಿನ ಭಾರ ಕಡಿಮೆ, ತೇಲಿಸಿಕೊಂಡು ಹೋಗಬಹುದು. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ತಂಡವೂ ಹಲವು ಭಾಷೆಗಳ ಇದೇ ದಾರಿಯಲ್ಲಿ ನಡೆದದ್ದು. ಅದರ ಮಾತು ಇನ್ನೊಮ್ಮೆ. ನಮ್ಮ ತಕರಾರು ಒಂದೇ ಕಡೆಗೆ: ತೇಲದ ಮಾತನ್ನು ತೇಲಿಸಲು ಹೊರಟಲ್ಲಿ.

ಇದು ಬರೀ ಸಂಗೀತದ ರುಚಿಯ ಜಗಳವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗ್ಲಾಸ್ಟನ್‌ಬರಿಯ ಕೇಳುಗನಿಗೂ ನಮ್ಮ ಮಕ್ಕಳಿಗೂ ಇರುವ ದೂರ ನಾವು ಅಂದುಕೊಂಡಷ್ಟಿಲ್ಲ. ಇಲ್ಲಿನ ಶಾಲೆಯಲ್ಲಿ ಇಂಗ್ಲಿಷು, ಗೆಳೆಯರೊಡನೆ ಹಿಂದಿ, ಮನೆಯಲ್ಲಿ ಕನ್ನಡವೋ ತುಳುವೋ ಬ್ಯಾರಿಯೋ ಕೊಂಕಣಿಯೋ. ಕನ್ನಡದ ಸದ್ದು ಅವರಿಗೆ ಇಷ್ಟ. ರಾಜ್ಯೋತ್ಸವದ ದಿನ ವೇದಿಕೆ ಹತ್ತಿ ಷರೀಫರನ್ನು ಒಂದಕ್ಷರ ತಪ್ಪದೆ ಹಾಡಿ ಇಳಿಯುತ್ತಾರೆ, ನಾವು ಚಪ್ಪಾಳೆ ತಟ್ಟಿ ಕನ್ನಡ ಉಳಿಯಿತು ಎನ್ನುತ್ತೇವೆ. ಉಳಿದದ್ದು ಸದ್ದೋ ಮಾತೋ? 2008ರ ಹಾಡು ಮಗುವನ್ನು ಅಪ್ಪ ಅಮ್ಮನ ಬಳಿ ಪ್ರಶ್ನೆ ಕೇಳಲು ಕಳಿಸುತ್ತಿತ್ತು. 2013ರದು ಪ್ರಶ್ನೆಯ ಅಗತ್ಯವೇ ಇಲ್ಲದಷ್ಟು ಖುಷಿ ಕೊಡುತ್ತದೆ.

ಉಡುಪಿಯ ಹುಡುಗ ಇದನ್ನೂ ಒಪ್ಪಲಿಲ್ಲ. ಖುಷಿಯಿಂದ ಬಾಯಿಪಾಠವಾದದ್ದು ಮುಂದೊಂದು ದಿನ ಅರ್ಥವಾದೀತು, ಮೊದಲು ನಾಲಿಗೆಯ ಮೇಲಿರಲಿ ಎಂದ. ನಾವೂ ಚಿಕ್ಕಂದಿನಲ್ಲಿ ಕೋಡಗನ ಕೋಳಿಯ ಪದವನ್ನು ಹಾಗೆಯೇ ಕಲಿತದ್ದಲ್ಲವೇ ಎಂದೂ ಕೇಳಿದ. ಕಲಿತದ್ದು ನಿಜ. ಆದರೆ ನಮಗೆ ಆ ಪದದ ಸುತ್ತ ಊರೇ ಇತ್ತು, ಕೋಳಿಯೂ ಇತ್ತು, ಕೋಡಗವೂ ಮರದ ಮೇಲಿತ್ತು. ಫ್ಲ್ಯಾಟಿನ ಮಗುವಿಗೆ ಅದನ್ನೆಲ್ಲ ಹಾಡೊಂದೇ ಹೊತ್ತು ತರಬೇಕು.

ಮಗಳಿಗೆ 'ಕಾಳಜಿ'ಯ ಅರ್ಥ ಹೇಳಿದ್ದೇವೆ. ನುಡಿಗಳನ್ನು ಹಾಳೆಯಲ್ಲಿ ಬರೆದುಕೊಟ್ಟು, ವಾದ್ಯ ಇಲ್ಲದೆ, ನಿಧಾನವಾಗಿ ಓದಿಸಿದ್ದೂ ಆಯಿತು. ಮೂರನೇ ನುಡಿಗೆ ಬರುವಷ್ಟರಲ್ಲಿ ಅವಳು ನಿಲ್ಲಿಸಿ, "ಅಪ್ಪಾ, ಈ ಅಜ್ಜ ಬೈತಿದಾರಾ?" ಎಂದು ಕೇಳಿದಳು. ಆಮೇಲೆ ಮತ್ತೆ ಆಲ್ಬಂ ಹಾಕಿದಾಗ, ಪಿಟೀಲು ಬರುವ ಜಾಗದಲ್ಲಿ ಮೊದಲ ಸಲ ಸುಮ್ಮನಿದ್ದಳು.