ಉಳಿದವರು ಬರೆದ ದೈವಸಂಕಲ್ಪ

ನನ್ನ ತಂಗಿಗೆ ಉಬ್ಬಸ ಇತ್ತು. ಮಾತನ್ನು ಇಲ್ಲಿಂದಲೇ ಶುರುಮಾಡಬೇಕು. ಯಾಕೆಂದರೆ ನಾನು ಬರೆಯಲು ಹೊರಟಿರುವ ಸಿನಿಮಾದಲ್ಲಿ ಒಬ್ಬ ಹುಡುಗನ ಉಬ್ಬಸವೇ ದೇವರಿದ್ದಾನೆ ಎನ್ನುವುದಕ್ಕೆ ಕೊನೆಯ ಸಾಕ್ಷಿ.

ಅದು 2002ರಲ್ಲಿ ಬಂದ, ಎಂ. ನೈಟ್ ಶ್ಯಾಮಲನ್ ಬರೆದು ನಿರ್ದೇಶಿಸಿದ ‘ಸೈನ್ಸ್’. ಹಾಸ್ಟೆಲ್ಲಿನಲ್ಲಿ ಬಾಡಿಗೆ ಸಿ.ಡಿ. ತಂದು ನೋಡಿದೆವು. ಹೆಸರು ಕೇಳಿ ವಿಜ್ಞಾನದ ಸಿನಿಮಾ ಅಂದುಕೊಂಡಿದ್ದೆವು. ನೋಡಿದ ಮೇಲೆ ಗೊತ್ತಾಯಿತು, ಇದು ‘ಸೂಚನೆಗಳು’ ಅನ್ನೋ ಅರ್ಥದ ಸೈನ್ಸು. ಅನ್ಯಗ್ರಹದವರು ಭೂಮಿಗೆ ಬರುವುದು ನೆಪ. ಅವರು ಬಂದದ್ದೇ ಒಬ್ಬ ಪಾದ್ರಿಗೆ ಕಳೆದುಹೋದ ನಂಬಿಕೆಯನ್ನು ಮರಳಿ ಕೊಡುವುದಕ್ಕೆ.

ಪೆನ್ಸಿಲ್ವೇನಿಯಾದ ಮುಸುಕಿನ ಜೋಳದ ಹೊಲದ ನಡುವೆ ಗ್ರಹಾಂ ಹೆಸ್‌ನ ಮನೆ. ಹೆಂಡತಿ ರಸ್ತೆ ಅಪಘಾತದಲ್ಲಿ ಸತ್ತ ಮೇಲೆ ಪಾದ್ರಿತನ ಬಿಟ್ಟವನು. ಸಾಯುವ ಮುಂಚೆ ಅವಳು, ಗಂಡ ನೋಡಬೇಕು, ಮೈದುನ ಬ್ಯಾಟು ಬೀಸಬೇಕು ಅಂತ ಏನೋ ಬಡಬಡಿಸಿದ್ದಳು. ಮಗನಿಗೆ ಉಬ್ಬಸ. ಮಗಳಿಗೆ ನೀರಿನ ಲೋಟಗಳನ್ನು ಅರ್ಧ ಕುಡಿದು ಮನೆ ತುಂಬ ಇಡುವ ಚಾಳಿ. ಕೊನೆಗೆ ಅನ್ಯಗ್ರಹದವನೊಬ್ಬ ಹುಡುಗನನ್ನು ಹಿಡಿದುಕೊಂಡು ನಿಂತಾಗ ಎಲ್ಲವೂ ಒಟ್ಟಿಗೆ ಕೂಡಿಕೊಳ್ಳುತ್ತವೆ. ಪಾದ್ರಿಗೆ ಹೆಂಡತಿಯ ಮಾತು ನೆನಪಾಗುತ್ತದೆ. ತಮ್ಮ ಗೋಡೆಯ ಮೇಲಿನ ಬ್ಯಾಟು ತೆಗೆಯುತ್ತಾನೆ. ಲೋಟದ ನೀರು ಚೆಲ್ಲಿ ಅನ್ಯಗ್ರಹದವನ ಮೈ ಸುಡುತ್ತದೆ. ಅವನು ಬಿಟ್ಟ ವಿಷದ ಗಾಳಿ ಹುಡುಗನ ಎದೆಗೆ ಇಳಿಯಲಿಲ್ಲ, ಉಬ್ಬಸದಿಂದ ಉಸಿರಿನ ದಾರಿ ಮುಚ್ಚಿಹೋಗಿತ್ತು! ಪಾದ್ರಿ ಮತ್ತೆ ಪಾದ್ರಿಯ ಕಾಲರು ತೊಡುತ್ತಾನೆ. ಸಿನಿಮಾ ಮುಗಿಯಿತು.

ಗೆಳೆಯರು ಚಪ್ಪಾಳೆ ಹೊಡೆದರು. ನಾನು ಹೊರಗೆ ಬಂದು ಜಗಲಿ ಮೇಲೆ ಕೂತೆ. ನನ್ನ ತಂಗಿಗೆ ಒಂಬತ್ತು ವರ್ಷ. ಮಳೆಗಾಲದ ರಾತ್ರಿ ಉಸಿರು ಕಟ್ಟಿತು. ಊರಿಗೆ ಬಸ್ಸು ಬರುತ್ತಿದ್ದದ್ದು ದಿನಕ್ಕೆ ಎರಡು ಸಲ. ಗಾಡಿ ಇದ್ದ ಒಂದು ಮನೆಯ ಬಾಗಿಲಿಗೆ ಅಪ್ಪ ಹೋಗಿ ನಿಂತು, ಹಾಗೇ ವಾಪಸು ಬಂದ. ಮಾರನೇ ದಿನ ಅದೇ ಮನೆಯ ಹಿರಿಯರು ಕೇರಿಯ ತುದಿಯಲ್ಲಿ ನಿಂತು, “ಪಡ್ಕಬಂದದ್ದು ಕಣಪ್ಪ, ಯಾರೇನ್ ಮಾಡಕಾದದು” ಅಂದರು. ಅವರ ದನಿಯಲ್ಲಿ ನಿಜವಾದ ಮರುಕ ಇತ್ತು. ಅದೇ ಭಯಂಕರವಾದದ್ದು.

ಒಬ್ಬ ಹುಡುಗನ ಉಬ್ಬಸ ಅವನನ್ನು ಉಳಿಸಿದರೆ ದೈವಸಂಕಲ್ಪ. ಒಬ್ಬ ಹುಡುಗಿಯ ಉಬ್ಬಸ ಅವಳನ್ನು ಕೊಂದರೆ ಅದೂ ದೈವಸಂಕಲ್ಪ. ಹಾಗಾದರೆ ಈ ಮಾತು ದೇವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೇಳುತ್ತಿರುವವನು ಎಲ್ಲಿ ನಿಂತಿದ್ದಾನೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಲೆಕ್ಕ ಬರೆಯುವವರು ಯಾವಾಗಲೂ ಉಳಿದವರು. ಸತ್ತವರು ಆ ಲೆಕ್ಕದಲ್ಲಿ ಖರ್ಚಿನ ಬಾಬ್ತು. ಈ ಸಿನಿಮಾದಲ್ಲಿ ಆ ಹೆಂಡತಿಗೆ ತನ್ನದೇ ಒಂದು ಸಾವು ಕೂಡ ಇಲ್ಲ. ಅದು ಗಂಡನಿಗೆ ಬಂದ ತಂತಿ ಸಂದೇಶ.

ಒಂದು ಸೋಜಿಗ ನೋಡಿ. ಕಾರು ಓಡಿಸುತ್ತಾ ನಿದ್ದೆ ಹೋಗಿ ಅವಳನ್ನು ಕೊಂದವನ ಹೆಸರು ರೇ ರೆಡ್ಡಿ. ಆ ಪಾತ್ರ ಮಾಡಿದವರು ನಿರ್ದೇಶಕ ಶ್ಯಾಮಲನ್ ಅವರೇ. ಅಂದರೆ ಹಣೆಬರಹ ಬರೆದವನೇ ಚಕ್ರ ಹಿಡಿದು ಕೂತಿದ್ದಾನೆ! ಸಿನಿಮಾದೊಳಗಿನ ದೈವಕ್ಕೆ ಒಂದು ಕೈ ಇದೆ, ಆ ಕೈಗೊಂದು ಹೆಸರಿದೆ ಅಂತ ನಿರ್ದೇಶಕರು ತಿಳಿದೋ ತಿಳಿಯದೆಯೋ ಒಪ್ಪಿಕೊಂಡಂತಿದೆ. ನಮ್ಮ ಊರಿನ ಹಣೆಬರಹ ಬರೆದ ಕೈಗಳು ಇಷ್ಟು ಸುಲಭವಾಗಿ ಮುಖ ತೋರಿಸುವುದಿಲ್ಲ.

ಇನ್ನು ನೀರು. ಆ ಮಗು ಲೋಟಗಳನ್ನು ಬಿಡುವುದು ಯಾಕೆ? ಒಂದರಲ್ಲಿ ಧೂಳು, ಒಂದರಲ್ಲಿ ಕೂದಲು, ಇನ್ನೊಂದಕ್ಕೆ ಅಣ್ಣ ಬಾಯಿಟ್ಟಿದ್ದಾನೆ. ಮುಟ್ಟಿದ ನೀರು, ಕೆಟ್ಟ ನೀರು. ಅದೇ ನೀರು ಹೊರಗಿನಿಂದ ಬಂದವನನ್ನು ಸುಡುತ್ತದೆ. ಇದನ್ನು ತೀರ್ಥ ಅಂತ ಓದುವವರಿದ್ದಾರೆ. ನನಗೆ ನೆನಪಾದದ್ದು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಸವರ್ಣೀಯರು ಹಾಲು, ಮೊಸರು, ಸಗಣಿ, ಗಂಜಲಗಳನ್ನು 108 ಕೊಡಗಳಲ್ಲಿ ಸುರಿದು ಕೆರೆ ಶುದ್ಧ ಮಾಡಿದರು. ನೀರು ತಮ್ಮವರನ್ನು ಕಾಯುತ್ತದೆ, ಹೊರಗಿನವನನ್ನು ಸುಡುತ್ತದೆ ಅನ್ನೋ ನಂಬಿಕೆ ಹಾಲಿವುಡ್ಡು ಹೊಸದಾಗಿ ಕಂಡುಹಿಡಿದದ್ದಲ್ಲ. ಶ್ಯಾಮಲನ್‌ಗೆ ಇದು ಮನಸ್ಸಿನಲ್ಲಿತ್ತು ಅಂತ ನಾನು ಹೇಳುತ್ತಿಲ್ಲ. ಕೆರೆಗೆ ಇಳಿಯಲಾರದವರ ಮೊಮ್ಮಗ ನೋಡಿದಾಗ ಹೀಗೆ ಕಾಣುತ್ತದೆ ಅಂತಿದ್ದೇನೆ.

ಸಿನಿಮಾ ಅವಸರದಲ್ಲಿ ದಾಟಿಹೋಗುವ ಒಂದು ಸುದ್ದಿಯಿದೆ. ಮಧ್ಯಪ್ರಾಚ್ಯದ ಮೂರು ಸಣ್ಣ ಊರುಗಳ ಜನ ಅನ್ಯಗ್ರಹದವರನ್ನು ಸೋಲಿಸುವ ಒಂದು ‘ಆದಿಮ’ ಉಪಾಯ ಕಂಡುಕೊಂಡರು ಅಂತ ರೇಡಿಯೋದಲ್ಲಿ ಬರುತ್ತದೆ. ಅಷ್ಟೇ. ಆ ಜನ ಯಾರು, ಹೇಗೆ ಕಂಡುಕೊಂಡರು, ಎಷ್ಟು ಜನ ಸತ್ತರು? ಕ್ಯಾಮೆರಾ ಅತ್ತ ತಿರುಗುವುದೇ ಇಲ್ಲ. ಅವರು ಕೂಡಿ ದುಡಿದು ಗೆದ್ದದ್ದಕ್ಕೆ ಒಂದು ಸಾಲಿನ ಸುದ್ದಿ. ಪಾದ್ರಿಯ ಮನೆಯೊಳಗೆ ಆದದ್ದಕ್ಕೆ ಇಡೀ ಸಿನಿಮಾ, ಜೊತೆಗೆ ದೇವರು!

ಈ ಚಾಳಿ ಹಳೆಯದು. ಎಚ್.ಜಿ. ವೆಲ್ಸ್ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿ ಪ್ರಕಟಿಸಿದ್ದು 1898ರಲ್ಲಿ. ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಬಿಳಿಯರು ಅಳಿಸಿಹಾಕಿದ್ದನ್ನು ನೆನಪಿಸಿಯೇ ಅವನು ಕತೆ ಶುರುಮಾಡುತ್ತಾನೆ. ಮಂಗಳನವರು ಸೂಕ್ಷ್ಮಜೀವಿಗಳಿಂದ ಸಾಯುತ್ತಾರೆ. ಆ ಜಾಗದಲ್ಲಿ ವೆಲ್ಸ್ ದೇವರ ಹೆಸರನ್ನೂ ಎತ್ತುತ್ತಾನೆ, ನಿಜ. ಆದರೆ ಜೊತೆಗೇ ಮನುಷ್ಯನ ಮೈಗೆ ಆ ಶಕ್ತಿ ಬಂದದ್ದು ಹೇಗೆ ಅಂತಲೂ ಹೇಳುತ್ತಾನೆ: ತಲೆತಲಾಂತರದಿಂದ ರೋಗಕ್ಕೆ ಬಲಿಯಾದ ಕೋಟ್ಯಂತರ ಜನರ ಸಾವಿನ ಬೆಲೆ ಅದು. 1953ರಲ್ಲಿ ಜಾರ್ಜ್ ಪಾಲ್ ನಿರ್ಮಿಸಿ ಬೈರನ್ ಹ್ಯಾಸ್ಕಿನ್ ನಿರ್ದೇಶಿಸಿದ ಸಿನಿಮಾ ಕತೆಯನ್ನು ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿತು. ಕಾದಂಬರಿಯಲ್ಲಿ ಹೆದರಿ ಬುದ್ಧಿ ಕಳೆದುಕೊಳ್ಳುವ ಪಾದ್ರಿಯ ಜಾಗಕ್ಕೆ ಶತ್ರುವಿನ ಎದುರು ಪ್ರಾರ್ಥನೆ ಹೇಳುತ್ತಾ ನಡೆದು ಸಾಯುವ ಧೀರ ಪಾದ್ರಿಯನ್ನು ತಂದಿತು. ಜನ ಚರ್ಚಿನಲ್ಲಿ ಪ್ರಾರ್ಥಿಸುತ್ತಿರುವಾಗಲೇ ಹೊರಗೆ ಯಂತ್ರಗಳು ಉರುಳುತ್ತವೆ. ದೇವರು ಉಳಿದ, ಕೋಟ್ಯಂತರ ಸಾವು ಕೈಬಿಟ್ಟುಹೋಯಿತು.

ದೈವ ನಮ್ಮ ಪರವಾಗಿ ನಿಂತರೂ ಈ ಲೆಕ್ಕ ಸರಿಹೋಗುವುದಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪ ಆಯಿತು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಅಂದರು ಗಾಂಧೀಜಿ. ಪ್ರಕೃತಿಯ ಘಟನೆಗೆ ಹೀಗೆ ಕಾರಣ ಕಟ್ಟುವುದು ಸಲ್ಲದು ಅಂತ ಟಾಗೋರರು ವಿರೋಧಿಸಿದರು. ಆ ವಾದ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚಾಯಿತು. ಗಾಂಧೀಜಿಯವರ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ನೆಲ ಬಿರಿದಾಗ ಊರು ಯಾವುದು, ಕೇರಿ ಯಾವುದು ಅಂತ ಕೇಳಿ ಬಿರಿಯಲಿಲ್ಲವಲ್ಲ? ಸವರ್ಣೀಯರಿಗೆ ಬುದ್ಧಿ ಕಲಿಸಲು ಸತ್ತ ಅಸ್ಪೃಶ್ಯನ ಸಾವು ಯಾವ ಬಾಬ್ತಿಗೆ? ಅವನೂ ಆ ಪಾದ್ರಿಯ ಹೆಂಡತಿಯಂತೆ ಇನ್ನೊಬ್ಬರಿಗೆ ಸೂಚನೆಯಾಗಿ ಹೋದ. ಅಂಬೇಡ್ಕರ್ ತೀರಿಕೊಂಡ ಮೇಲೆ, 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ಹಿಂದಿನ ಜನ್ಮದ ಕರ್ಮದ ಮಾತನ್ನು ಬಿಡಿಸಿ ನೋಡುತ್ತಾರೆ. ಬಡವರ ಸ್ಥಿತಿಗೆ ತಾನು ಹೊಣೆಯಲ್ಲ ಅಂತ ಸಮಾಜ, ಸರ್ಕಾರ ನುಣುಚಿಕೊಳ್ಳಲಿಕ್ಕಲ್ಲದೆ ಆ ಮಾತಿನಿಂದ ಇನ್ನೇನು ಉಪಯೋಗ ಅಂತ ಅವರ ತರ್ಕ. ಗಾಡಿ ಇದ್ದ ಮನೆಯ ಹಿರಿಯರ ಮರುಕ ನನಗೆ ಅರ್ಥವಾದದ್ದು ಅದನ್ನು ಓದಿದ ದಿನ.

ಗೆಳೆಯರು ಕೇಳಬಹುದು: ನಮ್ಮವರಿಗೆ ದೇವರಿಲ್ಲವೇ? ನಮ್ಮವ್ವ ಮಂಟೇಸ್ವಾಮಿ ಒಕ್ಕಲು, ಇವತ್ತಿಗೂ ಜಾತ್ರೆ ತಪ್ಪಿಸುವುದಿಲ್ಲ. ಆದರೆ ಮಗಳ ಸಾವು ಸ್ವಾಮಿಯ ಲೀಲೆ ಅಂತ ಅವಳು ಒಂದು ದಿನವೂ ಅಂದವಳಲ್ಲ. ದೇವರನ್ನೇ ನಿಲ್ಲಿಸಿ ಬಯ್ಯುತ್ತಾಳೆ. ಮುನಿಸಿಕೊಂಡು ವರ್ಷಗಟ್ಟಲೆ ದೀಪ ಹಚ್ಚದೆ ಇದ್ದಳು. ಕರ್ಮದ ಮಾತು ಎತ್ತಿದವರಿಗೆ, “ನನ್ ಮಗ್ಳು ಕರ್ಮಕ್ಕ ಸಾಯ್ನಿಲ್ಲ, ಗಾಡಿ ಸಿಕ್ದೆ ಸತ್ಲು” ಅನ್ನುತ್ತಾಳೆ.

‘ಸೈನ್ಸ್’ನಲ್ಲೂ ಅಂಥ ಒಂದು ಗಳಿಗೆ ಇದೆ, ಅದಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ನೆಲಮಾಳಿಗೆಯಲ್ಲಿ ಔಷಧಿಯಿಲ್ಲದೆ ಮಗ ಉಸಿರಿಗಾಗಿ ಒದ್ದಾಡುವಾಗ ಪಾದ್ರಿ ಅವನನ್ನು ಎದೆಗೆ ಒತ್ತಿಕೊಂಡು, ದೇವರೇ ನಿನ್ನನ್ನು ಕಂಡರೆ ನನಗೆ ದ್ವೇಷ ಅಂತ ಹೇಳುತ್ತಾನೆ. ಅಲ್ಲಿ ಅವನು ನಮ್ಮವ್ವನ ಪಕ್ಕದಲ್ಲಿ ಕೂತಿದ್ದ. ಮುಂದಿನ ಕೆಲವೇ ನಿಮಿಷದಲ್ಲಿ ಸಿನಿಮಾ ಅವನ ಸಿಟ್ಟನ್ನು ಕಿತ್ತುಕೊಂಡು ಕೈಗೆ ಕಾಲರು ಕೊಟ್ಟಿತು.

ನಮ್ಮವ್ವನ ಕೈಗೆ ಯಾರೂ ಏನೂ ಕೊಡಲಿಲ್ಲ. ಹಾಗಾಗಿ ಅವಳ ಸಿಟ್ಟು ಅವಳ ಹತ್ತಿರವೇ ಇದೆ. ದಲಿತ ವಿಮರ್ಶೆ ಅಂತ ನಾನು ಏನಾದರೂ ಬರೆಯುವುದಾದರೆ ಅವಳ ಪಕ್ಕದಲ್ಲಿ ಕೂತೇ ಬರೆಯಬೇಕು.